ಬಾಟಲಿ ನಂಬರ್ 53-ಎನ್: ಹಾಫ್‌ಕಿನ್ ಬಗ್ಗೆ ಮಾತಾಡೋಣ್ವಾ?

ಹಳೇಬೇರು · ಶನಿವಾರ, ಬೆಳಗ್ಗೆ 8:10

ಪೋಲಿಯೊ ಹನಿಯ ಬಾಟಲಿ ಮೇಲೆ 'ಹಾಫ್‌ಕಿನ್' ಅಂತ ಹೆಸರು ನೋಡಿದ್ದೀರಾ? ಮುಂಬೈಯ ಪರೇಲ್‌ನಲ್ಲಿ ಅದೇ ಹೆಸರಿನ ಸಂಸ್ಥೆ ಇದೆ. ಬಹಳ ವರ್ಷ ನಾನು ಅದನ್ನು ಯಾವುದೋ ಜರ್ಮನ್ ಕಂಪನಿ ಅಂದುಕೊಂಡಿದ್ದೆ. ಮೊನ್ನೆ ಪಿಯುಸಿ ಹುಡುಗನೊಬ್ಬ ಕ್ಲಾಸಿನಲ್ಲಿ ಕೇಳಿದ: 'ಸರ್, ಸಿಡುಬಿಗೆ ಜೆನ್ನರ್, ಹುಚ್ಚುನಾಯಿಗೆ ಪಾಶ್ಚರ್. ಪ್ಲೇಗಿಗೆ ಯಾರು?' ನನ್ನ ಬಾಯಿ ಕಟ್ಟಿತು. ಮನೆಗೆ ಬಂದು ಓದಲು ಕೂತವನು ಎದ್ದದ್ದು ರಾತ್ರಿ ಎರಡಕ್ಕೆ.

ವಾಲ್ಡೆಮಾರ್ ಹಾಫ್‌ಕಿನ್. 1860ರಲ್ಲಿ ಒಡೆಸ್ಸಾದ ಯಹೂದಿ ಮನೆಯಲ್ಲಿ ಹುಟ್ಟಿದವ. ಓದಿದ್ದು ಪ್ರಾಣಿಶಾಸ್ತ್ರ. ವೈದ್ಯ ಅಲ್ಲ. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ. ಗುರು ಮೆಚ್ನಿಕಾಫ್, ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗುತ್ತವೆ ಎಂದು ತೋರಿಸಿಕೊಟ್ಟವರು. ಯಹೂದಿಗಳ ಮೇಲೆ ದಾಳಿಯಾದಾಗ ಹಾಫ್‌ಕಿನ್ ಅಡ್ಡ ನಿಂತು ಪೆಟ್ಟು ತಿಂದು ಜೈಲಿಗೂ ಹೋಗಿ ಬಂದ. ಚರ್ಚಿಗೆ ಸೇರಿದ್ದರೆ ವಿಶ್ವವಿದ್ಯಾಲಯದಲ್ಲಿ ಕೆಲಸದ ದಾರಿ ತೆರೆಯುತ್ತಿತ್ತು. ಸೇರಲಿಲ್ಲ. 1888ರಲ್ಲಿ ಜಿನೀವಾ, ಮರುವರ್ಷ ಪ್ಯಾರಿಸ್. ಪಾಶ್ಚರ್ ಸಂಸ್ಥೆಯಲ್ಲಿ ಖಾಲಿ ಇದ್ದದ್ದು ಗ್ರಂಥಾಲಯದ ಕೆಲಸ. ಅದನ್ನೇ ಹಿಡಿದ. ಪುಸ್ತಕ ಜೋಡಿಸುವುದು, ಬಿಡುವಿದ್ದಾಗ ಬ್ಯಾಕ್ಟೀರಿಯಾ ಬೆಳೆಸುವುದು.

1892ರ ಜುಲೈ 18ರಂದು ತಾನು ಮಾಡಿದ ಕಾಲರಾ ಲಸಿಕೆಯನ್ನು ತನಗೇ ಚುಚ್ಚಿಕೊಂಡ. 1893ರಲ್ಲಿ ಕಲ್ಕತ್ತಾಕ್ಕೆ ಬಂದ. 1897ರ ಜನವರಿಯಲ್ಲಿ ಬೊಂಬಾಯಿಯಲ್ಲಿ ಪ್ಲೇಗ್ ಲಸಿಕೆ ತಯಾರಾಯಿತು. ಅದನ್ನೂ ಮೊದಲು ಚುಚ್ಚಿಕೊಂಡದ್ದು ಅವನೇ. 1902ರ ಅಕ್ಟೋಬರ್ 30ರಂದು ಪಂಜಾಬಿನ ಮುಲ್ಕೋವಾಲ್ ಎಂಬ ಹಳ್ಳಿಯಲ್ಲಿ 107 ಜನಕ್ಕೆ ಆ ಲಸಿಕೆ ಹಾಕಿದರು. ಅವರಲ್ಲಿ 19 ಜನ ಧನುರ್ವಾಯು ಬಂದು ಸತ್ತರು. 19 ಜನಕ್ಕೂ ಹಾಕಿದ್ದು ಒಂದೇ ಬಾಟಲಿಯಿಂದ. ನಂಬರ್ 53-ಎನ್.

ಹಾಫ್‌ಕಿನ್ ಕೆಲಸ ಹೋಯಿತು.

ನನ್ನ ಪ್ರಶ್ನೆ ಇಷ್ಟೇ: ತಪ್ಪು ಯಾರದು? ಗೊತ್ತಿದ್ದವರು ಬರೆಯಿರಿ. ಸುಮ್ನೆ 'ಮಹಾನ್ ವಿಜ್ಞಾನಿ, ನಮನಗಳು' ಅಂತ ಹಾಕಿ ಹೋಗಬೇಡಿ, ದಯವಿಟ್ಟು.

ಕಡ್ಲೆಪುರಿ · ಶನಿವಾರ, ಬೆಳಗ್ಗೆ 8:31

ಮಹಾನ್ ವಿಜ್ಞಾನಿ, ನಮನಗಳು.

ಸಾರಿ ಸರ್, ತಡೆಯೋಕಾಗಲಿಲ್ಲ. ಈಗ ನಿಜವಾದ ಪ್ರಶ್ನೆ. ಜೀವ ಇರುವ ಕಾಲರಾ ಬ್ಯಾಕ್ಟೀರಿಯಾವನ್ನೇ ಚುಚ್ಚಿಕೊಂಡನಾ? ಮತ್ತೆ ಬದುಕಿದ್ದು ಹೇಗೆ?

ಅಗರ್ ತಟ್ಟೆ · ಶನಿವಾರ, ಬೆಳಗ್ಗೆ 9:45

ಜೀವ ಇರುವುದನ್ನೇ. ಬದುಕಿದ್ದರಲ್ಲಿ ಪವಾಡ ಏನಿಲ್ಲ. ಕಾಲರಾ ಕರುಳಿನ ಕಾಯಿಲೆ. ಆ ಬ್ಯಾಕ್ಟೀರಿಯಾ ಸಣ್ಣ ಕರುಳಿನ ಗೋಡೆಗೆ ಅಂಟಿಕೊಂಡು ಅಲ್ಲಿ ವಿಷ ಬಿಟ್ಟರೆ ಮೈಯ ನೀರೆಲ್ಲ ಹೊರಗೆ ಹರಿದುಹೋಗುತ್ತದೆ. ಚರ್ಮದ ಕೆಳಗೆ ಬಿಟ್ಟರೆ ಅದಕ್ಕೆ ಕರುಳಿನ ದಾರಿ ಸಿಗುವುದಿಲ್ಲ. ಚುಚ್ಚಿದ ಜಾಗ ಊದುತ್ತದೆ, ಒಂದೆರಡು ದಿನ ಜ್ವರ, ಮೈಕೈ ನೋವು. ಅಷ್ಟರಲ್ಲಿ ಮೈ ಅದರ ಗುರುತು ಹಿಡಿದಿರುತ್ತದೆ.

ಅವನ ಕೈಚಳಕ ಇದ್ದದ್ದು ಬೇರೆ ಕಡೆ. ಎರಡು ಥರದ ಕಾಲರಾ ಮಾಡಿದ. ಒಂದನ್ನು 39 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಾಳಿ ಹಾಯಿಸುತ್ತಾ ಬೆಳೆಸಿದ. ಅದು ಸೊರಗಿತು. ಇನ್ನೊಂದನ್ನು ಒಂದು ಗಿನಿಪಿಗ್ ಹೊಟ್ಟೆಯಿಂದ ತೆಗೆದು ಇನ್ನೊಂದರ ಹೊಟ್ಟೆಗೆ, ಅಲ್ಲಿಂದ ಮತ್ತೊಂದಕ್ಕೆ ಹೀಗೆ ದಾಟಿಸುತ್ತಾ ಹೋದ. ಅದು ಕೊಬ್ಬಿತು. ಮೊದಲು ಸೊರಗಿದ್ದನ್ನು ಚುಚ್ಚುವುದು, ಕೆಲವು ದಿನ ಬಿಟ್ಟು ಕೊಬ್ಬಿದ್ದನ್ನು. ಗರಡಿಯಲ್ಲಿ ಮೊದಲು ಮರಿ ಪೈಲ್ವಾನನ ಜೊತೆ ಆಡಿಸಿ ಆಮೇಲೆ ದೊಡ್ಡವನನ್ನು ಬಿಟ್ಟ ಹಾಗೆ.

ಆದರೆ ಹಾಫ್‌ಕಿನ್ ಮೊದಲಿಗ ಅಲ್ಲ. ಸ್ಪೇನಿನ ವೆಲೆನ್ಸಿಯಾದಲ್ಲಿ ಹೈಮೆ ಫೆರಾನ್ 1885ರಲ್ಲೇ ಜೀವಂತ ಕಾಲರಾ ಲಸಿಕೆಯನ್ನು ಸಾವಿರಾರು ಜನಕ್ಕೆ ಹಾಕಿದ್ದ. ಅವನನ್ನು ಜನ ನಂಬಲಿಲ್ಲ. ಇವತ್ತಿನ ಲಸಿಕೆಗೂ ನಾಳಿನ ಲಸಿಕೆಗೂ ತಾಕತ್ತು ಒಂದೇ ಇರುತ್ತದೆ ಅಂತ ತೋರಿಸಲು ಅವನ ಹತ್ತಿರ ದಾರಿ ಇರಲಿಲ್ಲ. ಬ್ಯಾಕ್ಟೀರಿಯಾ ಲಸಿಕೆಯಲ್ಲಿ ಇದೇ ದೊಡ್ಡ ತಲೆನೋವು. ಒಂದೇ ತಳಿ, ಆದರೆ ಪ್ರಯೋಗಾಲಯದಲ್ಲಿ ಸ್ವಲ್ಪ ದಿನ ಸುಖವಾಗಿ ಬೆಳೆದರೆ ಮೆತ್ತಗಾಗುತ್ತದೆ. ಹಾಫ್‌ಕಿನ್ ಗಿನಿಪಿಗ್‌ಗಳನ್ನು ಬಳಸಿದ್ದು ಆ ತಾಕತ್ತನ್ನು ಒಂದು ಮಟ್ಟದಲ್ಲಿ ಹಿಡಿದಿಡಲು.

ಗಂಗೆ ದಡ · ಶನಿವಾರ, ಬೆಳಗ್ಗೆ 11:20

ಕೆಲಸದ ಮೇಲೆ ಕೋಲ್ಕತ್ತಾದಲ್ಲಿ ಇದ್ದೇನೆ, ಹಾಗಾಗಿ ಇಲ್ಲಿನ ಕಥೆ ನಾನೇ ಹೇಳುತ್ತೇನೆ.

ಅವನಿಗೆ ಮೊದಲು ಹೋಗಬೇಕೆಂದಿದ್ದದ್ದು ಸಯಾಂಗೆ, ಅಂದರೆ ಈಗಿನ ಥಾಯ್ಲೆಂಡಿಗೆ. ಆಗ ಪ್ಯಾರಿಸ್ಸಿನಲ್ಲಿ ಬ್ರಿಟಿಷ್ ರಾಯಭಾರಿಯಾಗಿದ್ದ ಡಫರಿನ್ ಹಿಂದೆ ಇಲ್ಲಿ ವೈಸ್‌ರಾಯ್ ಆಗಿದ್ದವನು. ಅವನು ಭಾರತಕ್ಕೆ ಹೋಗು ಅಂದ. 1893ರ ಮಾರ್ಚಿನಲ್ಲಿ ಕಲ್ಕತ್ತಾಕ್ಕೆ ಬಂದ. ಆದರೆ ಕಾಲರಾ ಹೇಳಿ ಬರುವುದಿಲ್ಲವಲ್ಲ. ಲಸಿಕೆ ಹಾಕಿದ ಊರಿಗೆ ಕಾಲರಾ ಬರಲೇ ಇಲ್ಲ ಅಂದರೆ ಲಸಿಕೆ ಕೆಲಸ ಮಾಡಿತೋ ಇಲ್ಲವೋ ಯಾರಿಗೆ ಗೊತ್ತು? ಒಂದು ವರ್ಷ ಹೀಗೇ ಊರೂರು ಅಲೆದ.

1894ರ ಮಾರ್ಚ್ ಕೊನೆಗೆ ಕಲ್ಕತ್ತಾದ ಆರೋಗ್ಯಾಧಿಕಾರಿ ಸಿಂಪ್ಸನ್ ಅವನನ್ನು ಕಟ್ಟಲ್ ಬಾಗಾನ್ ಬಸ್ತಿಗೆ ಕರೆದ. ಕೆರೆ ಸುತ್ತ ಮಣ್ಣಿನ ಗುಡಿಸಲುಗಳು. ಕುಡಿಯಲು, ತೊಳೆಯಲು ಎಲ್ಲಕ್ಕೂ ಒಂದೇ ನೀರು. ಆಗಲೇ ಇಬ್ಬರು ಸತ್ತಿದ್ದರು. ಇನ್ನೂರರಷ್ಟು ಜನರಲ್ಲಿ 116 ಜನ ಲಸಿಕೆ ಹಾಕಿಸಿಕೊಂಡರು. ಆಮೇಲೆ ಅಲ್ಲಿ 10 ಜನಕ್ಕೆ ಕಾಲರಾ ಬಂತು, 7 ಜನ ಸತ್ತರು. ಹತ್ತಕ್ಕೆ ಹತ್ತೂ ಜನ ಲಸಿಕೆ ಹಾಕಿಸಿಕೊಳ್ಳದವರು.

ಇದರ ಚಂದ ಎಲ್ಲಿದೆ ಅಂದರೆ, ಒಂದೇ ಗುಡಿಸಲು, ಒಂದೇ ಕೆರೆ, ಒಂದೇ ಅನ್ನ. ವ್ಯತ್ಯಾಸ ಸೂಜಿಯದ್ದೊಂದೇ. ನಾವು ಈಗ ಹೋಲಿಕೆ ಗುಂಪು ಅನ್ನುತ್ತೇವಲ್ಲ, ಬಸ್ತಿಯೇ ಅದನ್ನು ಮಾಡಿಕೊಟ್ಟಿತು. ಅವನ ಜೊತೆ ಚೌಧುರಿ, ಘೋಷ್, ಚಟರ್ಜಿ, ದತ್ ಎಂಬ ಬಂಗಾಳಿ ವೈದ್ಯರಿದ್ದರು. ಜನ ಮೊದಲು ಕಲ್ಲು ಹೊಡೆಯಲು ಬಂದಾಗ ಹಾಫ್‌ಕಿನ್ ಅವರ ಎದುರಿಗೇ ತಾನು ಚುಚ್ಚಿಸಿಕೊಂಡು ತೋರಿಸಿದ. ಪುಸ್ತಕದಲ್ಲಿ ಈ ವೈದ್ಯರ ಹೆಸರು ಬರುವುದು ಕಡಿಮೆ. 1895ರ ಹೊತ್ತಿಗೆ ಸುಮಾರು 42,000 ಜನಕ್ಕೆ ಹಾಕಿದ್ದ. ಆಮೇಲೆ ಮಲೇರಿಯಾ ಹಿಡಿದು ಯೂರೋಪಿಗೆ ವಾಪಸ್.

ಎದುರುಮಾತು · ಶನಿವಾರ, ಮಧ್ಯಾಹ್ನ 1:05

ಎಲ್ಲರೂ ಹಾರ ಹಾಕುವ ಮೊದಲು ಒಂದು ಮಾತು. ಪ್ಲೇಗ್ ಲಸಿಕೆಯನ್ನು ತನಗೆ ಚುಚ್ಚಿಕೊಂಡ ಮೇಲೆ ಹಾಫ್‌ಕಿನ್ ದೊಡ್ಡದಾಗಿ ಪರೀಕ್ಷೆ ಮಾಡಿದ್ದು ಎಲ್ಲಿ? ಬೊಂಬಾಯಿಯ ಬೈಕುಲ್ಲಾ ಜೈಲಿನಲ್ಲಿ. 1897ರ ಜನವರಿ ಕೊನೆಗೆ. ಕೈದಿಗಳು 'ತಾವಾಗಿ ಮುಂದೆ ಬಂದರು' ಅಂತ ಬರೆದಿದ್ದಾರೆ. ಬ್ರಿಟಿಷರ ಜೈಲಿನಲ್ಲಿ ಇದ್ದವನು 'ಒಲ್ಲೆ' ಅನ್ನುವುದು ಎಷ್ಟು ಸುಲಭ ಅಂತ ನೀವೇ ಹೇಳಿ.

ಅದೇ ವರ್ಷ ಎಪಿಡೆಮಿಕ್ ಡಿಸೀಸಸ್ ಆಕ್ಟ್ ಬಂತು. ಮನೆಯೊಳಗೆ ಸೈನಿಕರು ನುಗ್ಗಿದರು. ಪುಣೆಯಲ್ಲಿ ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರಾಂಡ್‌ನನ್ನು ಕೊಂದರು. ಸೂಜಿ ಅಂದರೆ ಜನ ಹೆದರಿದ್ದಕ್ಕೆ ಅವರ ಅಜ್ಞಾನ ಕಾರಣ ಅನ್ನುವುದು ಅರ್ಧ ಸತ್ಯ. ಸೂಜಿ ಹಿಡಿದವನ ಹಿಂದೆ ಬಂದೂಕು ಹಿಡಿದವನೂ ಇದ್ದ.

ಹಳೇಬೇರು · ಶನಿವಾರ, ಮಧ್ಯಾಹ್ನ 1:40

ಒಪ್ಪಿದೆ. ಜೈಲಿನ ಲೆಕ್ಕ ಹೀಗಿದೆ: ಹಾಕಿಸಿಕೊಳ್ಳದವರಲ್ಲಿ 12 ಜನಕ್ಕೆ ಪ್ಲೇಗ್, 6 ಸಾವು. ಹಾಕಿಸಿಕೊಂಡವರಲ್ಲಿ 2 ಜನಕ್ಕೆ ಪ್ಲೇಗ್, ಸಾವು ಇಲ್ಲ. ಲೆಕ್ಕ ಒಳ್ಳೆಯದೇ. ಲೆಕ್ಕ ಒಳ್ಳೆಯದಾದ ಮಾತ್ರಕ್ಕೆ ಜೈಲು ಜೈಲಲ್ಲದೆ ಹೋಗುವುದಿಲ್ಲ, ಅದೂ ನಿಜ.

ಆದರೆ ಒಂದು ವ್ಯತ್ಯಾಸ ಹೇಳಬೇಕು. ಮನೆ ಸುಡುವುದು, ಬಲವಂತವಾಗಿ ಶಿಬಿರಕ್ಕೆ ಎಳೆದೊಯ್ಯುವುದು ಹಾಫ್‌ಕಿನ್ ದಾರಿ ಆಗಿರಲಿಲ್ಲ. ಅವನಿಗೆ ಜನ ತಾವಾಗಿ ಬರಬೇಕಿತ್ತು. ಖೋಜಾ ಮುಸ್ಲಿಮರ ಧರ್ಮಗುರು ಆಗಾ ಖಾನ್ ಎಲ್ಲರೆದುರು ತೋಳು ಚಾಚಿ ಚುಚ್ಚಿಸಿಕೊಂಡ ಮೇಲೆ ಅವರ ಸಮುದಾಯದವರು ಸಾಲಾಗಿ ಬಂದರು. ಪ್ರಯೋಗಾಲಯಕ್ಕೆ ತಮ್ಮ ಬಂಗಲೆಯನ್ನೂ ಬಿಟ್ಟುಕೊಟ್ಟರು ಆಗಾ ಖಾನ್.

ಹುಬ್ಬಳ್ಳಿಯಾಂವ · ಶನಿವಾರ, ಸಂಜೆ 6:15

ಇಲ್ಲಿ ಯಾರೂ ನಮ್ಮೂರ ಹೆಸರು ಎತ್ತಲಿಲ್ಲವಲ್ಲ! ಹಾಫ್‌ಕಿನ್ ಲಸಿಕೆಯನ್ನು ಒಂದಿಡೀ ಪಟ್ಟಣಕ್ಕೆ ಹಾಕಿದ್ದಕ್ಕೆ ಆಗಿನ ವರದಿಗಳಲ್ಲಿ ಮತ್ತೆ ಮತ್ತೆ ಬರುವ ಉದಾಹರಣೆ ಹುಬ್ಬಳ್ಳಿ. 1898. ಆಗ ಊರಿನ ಜನ ಸುಮಾರು ಐವತ್ತು ಸಾವಿರ. ಲ್ಯೂಮನ್ ಎಂಬ ಡಾಕ್ಟರ ಉಸ್ತುವಾರಿಯಲ್ಲಿ ಊರಿನ ಬಹುಪಾಲು ಜನಕ್ಕೆ ಸೂಜಿ ಬಿತ್ತು. ಅದೇ ವರ್ಷ ಆಗಸ್ಟ್‌ನಲ್ಲಿ ಪ್ಲೇಗ್ ರೈಲು ಹತ್ತಿ ಬೆಂಗಳೂರಿಗೆ ಹೋಯಿತು. ಬೆಂಗಳೂರಿನವರು ಬಸವನಗುಡಿ, ಮಲ್ಲೇಶ್ವರ ಕಟ್ಟಿಕೊಂಡರು. ಪ್ಲೇಗಮ್ಮನಿಗೆ ಗುಡಿಯನ್ನೂ ಕಟ್ಟಿದರು.

ನಮ್ಮ ಮನೆ ಕಥೆ ಒಂದಿದೆ. ನನ್ನ ಅಮ್ಮನ ಅಜ್ಜಿಯ ತಾಯಿ ಆಗ ಹುಡುಗಿ. ಇಲಿ ಬಿದ್ದವು ಅಂದ ಕೂಡಲೇ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕಿಕೊಂಡು ಇದ್ದರಂತೆ. ಸೂಜಿ ಹಾಕಿಸಿಕೊಂಡವರಿಗೆ ಚೀಟಿ ಕೊಡುತ್ತಿದ್ದರು, ಚೀಟಿ ಇದ್ದರೆ ಪೊಲೀಸರ ಕಾಟ ಕಡಿಮೆ. ಹಾಗಾಗಿ ಮನೆಯವರೆಲ್ಲ ಹಾಕಿಸಿಕೊಂಡರು. ಮೂರು ದಿನ ಜ್ವರ, ತೋಳು ಎತ್ತಲಾಗುತ್ತಿರಲಿಲ್ಲ. ಆ ಮುದುಕಿ ಸಾಯುವ ತನಕ ಅದನ್ನು 'ತುಪ್ಪದ ಸೂಜಿ' ಅನ್ನುತ್ತಿದ್ದಳಂತೆ. ಮದ್ದಿನಲ್ಲಿ ತುಪ್ಪ ಹಾಕಿದ್ದಾರೆ ಅಂತ ಯಾರೋ ಹೇಳಿದ್ದಂತೆ. ಮನೆಯಲ್ಲಿ ಎಲ್ಲರಿಗೂ ಇದು ನಗೆಚಾಟಿಕೆ. ಯಾರಾದರೂ ಇಲ್ಲದ್ದು ಹೇಳಿದರೆ 'ತುಪ್ಪದ ಸೂಜಿ ಬಿಡಬೇಡ' ಅನ್ನುವುದು ನಮ್ಮನೆ ಗಾದೆ.

ಬ್ಯಾಚ್ ಪುಸ್ತಕ · ಶನಿವಾರ, ರಾತ್ರಿ 9:50

ಹುಬ್ಬಳ್ಳಿಯಾಂವ ಅವರೇ, ನಗಬೇಡಿ. ತುಪ್ಪ ಇತ್ತು.

ನಾನು ಹನ್ನೆರಡು ವರ್ಷ ಒಂದು ಲಸಿಕೆ ಕಾರ್ಖಾನೆಯ ಗುಣಮಟ್ಟ ವಿಭಾಗದಲ್ಲಿ ದುಡಿದಿದ್ದೇನೆ. ಈ ಎಳೆಯನ್ನು ಬೆಳಗ್ಗೆಯಿಂದ ಓದುತ್ತಿದ್ದೇನೆ. ಎಲ್ಲರೂ ಪರೀಕ್ಷೆಯ ಬಗ್ಗೆ ಬರೆದಿರಿ, ಅಡುಗೆಮನೆ ಬಗ್ಗೆ ಯಾರೂ ಬರೆಯಲಿಲ್ಲ.

1896ರ ಅಕ್ಟೋಬರ್‌ನಲ್ಲಿ ಅವನು ಬೊಂಬಾಯಿಗೆ ಬಂದಾಗ ಗ್ರಾಂಟ್ ಮೆಡಿಕಲ್ ಕಾಲೇಜಿನಲ್ಲಿ ಸಿಕ್ಕಿದ್ದು ಒಂದು ಕೋಣೆ, ಒಂದು ಪಡಸಾಲೆ. ಜನ: ಒಬ್ಬ ಗುಮಾಸ್ತ, ಮೂವರು ಜವಾನರು. ಪ್ಲೇಗ್ ಬ್ಯಾಕ್ಟೀರಿಯಾವನ್ನು ಯೆರ್ಸಿನ್ ಹಾಂಗ್‌ಕಾಂಗ್‌ನಲ್ಲಿ ಕಂಡು ಆಗಿನ್ನೂ ಎರಡೇ ವರ್ಷ. ಚಿಗಟದಿಂದ ಹರಡುತ್ತದೆ ಎಂಬುದೂ ಗೊತ್ತಿಲ್ಲ. ಮೂರು ತಿಂಗಳಲ್ಲಿ ಲಸಿಕೆ ತಯಾರು.

ಮಾಂಸದ ಸಾರಿನಲ್ಲಿ ಬ್ಯಾಕ್ಟೀರಿಯಾ ಬೆಳೆಸುವುದು ಆಗಿನ ರೂಢಿ. ದನ, ಹಂದಿ ಅಂದರೆ ಇಲ್ಲಿ ಯಾರೂ ತೋಳು ಕೊಡುವುದಿಲ್ಲ. ಆಡಿನ ಮಾಂಸದ ಸಾರು ಮಾಡಿದ. ಪ್ಲೇಗ್ ಬ್ಯಾಕ್ಟೀರಿಯಾ ಸಾರಿನ ಮೇಲ್ಭಾಗದಲ್ಲಿ ಆಸರೆ ಸಿಕ್ಕರೆ ಚೆನ್ನಾಗಿ ಬೆಳೆಯುತ್ತದೆ. ಅದಕ್ಕೆ ಆಸರೆಯಾಗಿ ಮೇಲೆ ನಾಲ್ಕು ಹನಿ ತುಪ್ಪ ತೇಲಿಬಿಟ್ಟ. ತುಪ್ಪದ ಅಡಿಯಿಂದ ಬ್ಯಾಕ್ಟೀರಿಯಾ ಆಲದ ಮರದ ಬಿಳಲಿನ ಹಾಗೆ ಕೆಳಗೆ ಇಳಿಯುತ್ತಿತ್ತು. ಹೂಜಿ ಅಲುಗಾಡಿಸಿದರೆ ಬಿಳಲು ಕಳಚಿ ತಳಕ್ಕೆ. ಮತ್ತೆ ಹೊಸ ಬಿಳಲು. ಐದಾರು ವಾರ ಹೀಗೆ. ಆ ಬಿಳಲುಗಳೇ ಗುರುತು. ಬೇರೆ ಯಾವುದೋ ಬ್ಯಾಕ್ಟೀರಿಯಾ ಸೇರಿಕೊಂಡಿದ್ದರೆ ಬೆಳವಣಿಗೆಯ ರೂಪವೇ ಬೇರೆ ಆಗಿ ಕಣ್ಣಿಗೆ ಗೊತ್ತಾಗುತ್ತಿತ್ತು. ಕೊನೆಗೆ ಸುಮಾರು 65-70 ಡಿಗ್ರಿ ಶಾಖದಲ್ಲಿ ಒಂದು ತಾಸು ಇಟ್ಟು ಕೊಲ್ಲುವುದು. ಕೆಡದಿರಲು ಸ್ವಲ್ಪ ಕಾರ್ಬಾಲಿಕ್ ಆಮ್ಲ.

ಕಾಲರಾದಲ್ಲಿ ಜೀವಂತ, ಪ್ಲೇಗಿನಲ್ಲಿ ಸತ್ತದ್ದು. ಯಾಕೆ ಅಂತ ಹೇಳಬೇಕಿಲ್ಲ ಅಲ್ವಾ? ಪ್ಲೇಗಿಗೆ ಚರ್ಮದ ಕೆಳಗಿನ ದಾರಿಯೇ ಸ್ವಂತ ದಾರಿ. ಚಿಗಟ ಬಿಡುವುದೂ ಅಲ್ಲಿಗೇ.

ಮೂರು ದಿನದ ಜ್ವರವೂ ಸುಳ್ಳಲ್ಲ. ಇಡೀ ಬ್ಯಾಕ್ಟೀರಿಯಾ, ಅದರ ವಿಷ, ಸಾರು ಎಲ್ಲ ಒಟ್ಟಿಗೆ ಒಳಗೆ ಹೋಗುತ್ತಿತ್ತು. ಅಳತೆಗೆ ಬೇರೆ ಯಂತ್ರ ಇಲ್ಲ. ಎಷ್ಟು ಜ್ವರ ಬಂತು ಎಂಬುದೇ ಲಸಿಕೆಯ ತಾಕತ್ತಿನ ಅಳತೆ. ಜ್ವರ ಬರದಿದ್ದರೆ ಮದ್ದು ಸಪ್ಪೆ ಅಂತ ಅರ್ಥ. ಅವನು ತನಗೆ ಚುಚ್ಚಿಕೊಂಡದ್ದು 10 ಸಿಸಿ, ಜನಕ್ಕೆ ಕೊಟ್ಟದ್ದರ ಮೂರ್ನಾಲ್ಕು ಪಟ್ಟು.

ಮುಲ್ಕೋವಾಲ್ ಬಗ್ಗೆ ನಾಳೆ ಬರೆಯುತ್ತೇನೆ. ಅದನ್ನು ನಿದ್ದೆಗಣ್ಣಲ್ಲಿ ಬರೆಯಬಾರದು.

ಹುಬ್ಬಳ್ಳಿಯಾಂವ · ಶನಿವಾರ, ರಾತ್ರಿ 10:02

ಏನ್ರೀ ಇದು! ಅಮ್ಮ ಮಲಗಿದ್ದಾಳೆ, ಎಬ್ಬಿಸಲೇ?

ಕಡ್ಲೆಪುರಿ · ಶನಿವಾರ, ರಾತ್ರಿ 10:04

ಎಬ್ಬಿಸಿ. ನೂರಿಪ್ಪತ್ತು ವರ್ಷ ಆ ಮುದುಕಿ ಕಾದಿದ್ದಾಳೆ.

ಬ್ಯಾಚ್ ಪುಸ್ತಕ · ಭಾನುವಾರ, ಬೆಳಗ್ಗೆ 10:30

ಮುಲ್ಕೋವಾಲ್.

1902ರಲ್ಲಿ ಪಂಜಾಬಿನಲ್ಲಿ ಪ್ಲೇಗ್ ಹೆಚ್ಚಾಯಿತು. ಒಮ್ಮೆಲೇ ಲಕ್ಷಗಟ್ಟಲೆ ಡೋಸ್ ಬೇಕು ಅಂದರು. ಐದಾರು ವಾರದ ಸಾರು, ತುಪ್ಪ, ಬಿಳಲು ಇದಕ್ಕೆಲ್ಲ ಪುರುಸೊತ್ತಿಲ್ಲ. ಹಾಫ್‌ಕಿನ್ ವಿಧಾನ ಬದಲಿಸಿದ. ಅಗರ್ ಎಂಬ ಗಟ್ಟಿ ಜೆಲ್ಲಿಯ ಮೇಲೆ ಬೆಳೆಸಿ, ನೀರಿನಲ್ಲಿ ಕಲಕಿ, ಶಾಖದಿಂದ ಕೊಲ್ಲುವುದು. ಕಾರ್ಬಾಲಿಕ್ ಆಮ್ಲವನ್ನು ಕೈಬಿಟ್ಟ. ಆಮ್ಲವಿಲ್ಲದೆ ಬರೀ ಶಾಖದಿಂದ ಕೊಲ್ಲುವ ವಿಧಾನ ಪಾಶ್ಚರ್ ಸಂಸ್ಥೆಯಲ್ಲಿ ಎರಡು ವರ್ಷ ಬಳಕೆಯಲ್ಲಿತ್ತು, ಅವನೇನೂ ಗಾಳಿಯಲ್ಲಿ ಗುಂಡು ಹೊಡೆಯಲಿಲ್ಲ. ಆದರೆ ಇಲ್ಲಿನ ಅಧಿಕಾರಿಗಳಿಗೆ ಅದು ಹೊಸದು.

ಆ ದಿನ ಮುಲ್ಕೋವಾಲ್‌ನಲ್ಲಿ ಐದು ಬಾಟಲಿ ತೆರೆದರು. ನಾಲ್ಕರಿಂದ ಹಾಕಿಸಿಕೊಂಡವರಿಗೆ ಏನೂ ಆಗಲಿಲ್ಲ. ಒಂದರಿಂದ ಹಾಕಿಸಿಕೊಂಡ 19 ಜನಕ್ಕೂ ಸುಮಾರು ಒಂದು ವಾರದ ಮೇಲೆ ದವಡೆ ಕಚ್ಚಿಕೊಂಡಿತು. ಮೈ ಬಿಲ್ಲಿನ ಹಾಗೆ ಬಾಗಿತು. ಯಾರೂ ಉಳಿಯಲಿಲ್ಲ.

ವಿಚಾರಣೆ ನಡೆಯಿತು. ಬಾಟಲಿಯ ತಳದಲ್ಲಿ ಉಳಿದದ್ದರಲ್ಲಿ ಧನುರ್ವಾಯು ಬ್ಯಾಕ್ಟೀರಿಯಾ ಸಿಕ್ಕಿತು. ಪ್ರಶ್ನೆ ಒಂದೇ: ಅದು ಒಳಗೆ ಹೋದದ್ದು ಯಾವಾಗ? ಬೊಂಬಾಯಿಯಲ್ಲಿ ತುಂಬುವಾಗಲೋ, ಹಳ್ಳಿಯಲ್ಲಿ ತೆರೆಯುವಾಗಲೋ? ಆಯೋಗ 'ತೆರೆಯುವ ಮೊದಲೇ' ಅಂದಿತು. ಹಾಫ್‌ಕಿನ್‌ನನ್ನು ಕೆಲಸದಿಂದ ಕೆಳಗಿಳಿಸಿದರು.

ಈಗ ಆಯೋಗದ ಕಡತದಲ್ಲೇ ಇದ್ದ ಒಂದು ಸಂಗತಿ. ಆ ಬಾಟಲಿಯ ಬಿರಡೆ ತೆಗೆಯಲು ಹಿಡಿದಿದ್ದ ಚಿಮಟ ಸಹಾಯಕನ ಕೈಯಿಂದ ನೆಲಕ್ಕೆ ಬಿತ್ತು. ಅವನು ಎತ್ತಿಕೊಂಡ, ಕಾರ್ಬಾಲಿಕ್ ದ್ರಾವಣದಲ್ಲಿ ಒಮ್ಮೆ ಆಡಿಸಿದ, ಬಿರಡೆ ತೆಗೆದ. ಬೆಂಕಿಗೆ ಹಿಡಿಯಲಿಲ್ಲ.

ಧನುರ್ವಾಯು ಬ್ಯಾಕ್ಟೀರಿಯಾ ಮಣ್ಣಿನಲ್ಲಿ ಬೀಜದ ರೂಪದಲ್ಲಿ ಮಲಗಿರುತ್ತದೆ. ದನಕರು, ಕುದುರೆ ಓಡಾಡುವ ಅಂಗಳದಲ್ಲಂತೂ ಧಾರಾಳ. ಆ ಬೀಜಕ್ಕೆ ಕಾರ್ಬಾಲಿಕ್‌ನಲ್ಲಿ ಒಂದು ಮುಳುಗು ಅಂದರೆ ಎಮ್ಮೆ ಮೇಲೆ ಮಳೆ ಸುರಿದ ಹಾಗೆ.

ಇನ್ನೆರಡು ಸಾಕ್ಷಿ. ಬೊಂಬಾಯಿಯಲ್ಲೇ ಒಳಹೊಕ್ಕಿದ್ದರೆ ಮುಚ್ಚಿದ ಬಾಟಲಿಯಲ್ಲಿ ವಾರಗಟ್ಟಲೆ ಬೆಳೆದಿರಬೇಕು. ಆ ಬ್ಯಾಕ್ಟೀರಿಯಾ ಬೆಳೆದರೆ ನಾರುತ್ತದೆ. ತೆರೆದಾಗ ಕೆಟ್ಟ ವಾಸನೆ ಇರಲಿಲ್ಲ. ಮತ್ತೆ, ವಾರಗಟ್ಟಲೆ ಬೆಳೆದಿದ್ದರೆ ಬಾಟಲಿ ತುಂಬ ವಿಷ ತಯಾರಾಗಿ ಇರುತ್ತಿತ್ತು, ಲಕ್ಷಣಗಳು ಬೇಗ ಕಾಣಿಸಬೇಕಿತ್ತು. ಒಂದು ವಾರ ಹಿಡಿಯಿತು ಅಂದರೆ ಬೀಜ ಒಳಹೊಕ್ಕು, ಮೈಯೊಳಗೆ ಮೊಳೆತು, ಆಮೇಲೆ ವಿಷ ಬಿಟ್ಟಿದೆ.

ಈ ವಾದ ಕಟ್ಟಿದವರಲ್ಲಿ ಮಲೇರಿಯಾದ ರೊನಾಲ್ಡ್ ರಾಸ್ ಮುಂದೆ ಇದ್ದ. 1907ರ ಜುಲೈಯಲ್ಲಿ ಹತ್ತು ವಿಜ್ಞಾನಿಗಳು ಲಂಡನ್ನಿನ 'ಟೈಮ್ಸ್'ಗೆ ಪತ್ರ ಬರೆದರು. ಕಲ್ಕತ್ತಾದ ಅದೇ ಸಿಂಪ್ಸನ್ ಕೂಡ ಸಹಿ ಹಾಕಿದ. ಆ ವರ್ಷದ ಕೊನೆಗೆ ಸರ್ಕಾರ ಹಾಫ್‌ಕಿನ್‌ನನ್ನು ವಾಪಸ್ ಕರೆಯಿತು. ಐದು ವರ್ಷ ಆಗಿತ್ತು.

ಎದುರುಮಾತು · ಭಾನುವಾರ, ಬೆಳಗ್ಗೆ 11:15

ಚೆನ್ನಾಗಿ ಬರೆದಿರಿ. ಆದರೂ ಬಿಡುವುದಿಲ್ಲ. ಕಾರ್ಬಾಲಿಕ್ ಆಮ್ಲ ಬಾಟಲಿಯೊಳಗೇ ಇದ್ದಿದ್ದರೆ? ಚಿಮಟ ಬಿದ್ದರೂ 19 ಜನ ಬದುಕುತ್ತಿದ್ದರೋ ಏನೋ. ಅದನ್ನು ತೆಗೆದದ್ದು ಯಾರು? ಹಾಫ್‌ಕಿನ್. ಯಾಕೆ? ಬೇಗ ಆಗಲಿ ಅಂತ.

ಬ್ಯಾಚ್ ಪುಸ್ತಕ · ಭಾನುವಾರ, ಮಧ್ಯಾಹ್ನ 12:10

ಸರಿಯಾದ ಜಾಗಕ್ಕೇ ಕೈ ಹಾಕಿದಿರಿ. ನನ್ನ ಅಭಿಪ್ರಾಯ ಹೇಳುತ್ತೇನೆ, ಒಪ್ಪದಿದ್ದರೆ ಜಗಳ ಆಡೋಣ.

ಅರ್ಧ ಪರ್ಸೆಂಟ್ ಕಾರ್ಬಾಲಿಕ್ ಧನುರ್ವಾಯುವಿನ ಬೀಜವನ್ನು ಕೊಲ್ಲುವುದಿಲ್ಲ. ಬೆಳೆಯದಂತೆ ತಡೆಯಬಹುದು. ಚಿಮಟದಿಂದ ಬಿದ್ದ ಬೀಜ ಅವತ್ತೇ ಜನರ ತೋಳಿಗೆ ಹೋಗಿದೆ. ಹಾಗಾಗಿ ಆಮ್ಲ ಇದ್ದಿದ್ದರೂ ಆ 19 ಜನ ಉಳಿಯುತ್ತಿದ್ದರು ಅಂತ ನಾನು ಹೇಳಲಾರೆ.

ಆದರೆ ಮಾತು ಅಲ್ಲಿಗೆ ಮುಗಿಯುವುದಿಲ್ಲ. ಒಂದು ಬಾಟಲಿಯಿಂದ ಹಲವರಿಗೆ ಚುಚ್ಚುವ ಲಸಿಕೆಯಲ್ಲಿ ಸೂಜಿ ಪದೇ ಪದೇ ಒಳಗೆ ಹೋಗುತ್ತದೆ. ಕೆಡದಂತೆ ತಡೆಯುವ ವಸ್ತು ಅದರಲ್ಲಿ ಇರಲೇಬೇಕು. ಜಗತ್ತು ಇದನ್ನು ಮುಲ್ಕೋವಾಲ್‌ನಿಂದ ಕಲಿಯಲಿಲ್ಲ ಅನ್ನುವುದೇ ನನ್ನ ಹೊಟ್ಟೆಯುರಿ. 1928ರಲ್ಲಿ ಆಸ್ಟ್ರೇಲಿಯಾದ ಬಂಡಬರ್ಗ್‌ನಲ್ಲಿ 12 ಮಕ್ಕಳು ಸತ್ತರು. ಡಿಫ್ತೀರಿಯಾ ಲಸಿಕೆ, ಒಂದೇ ಬಾಟಲಿ, ತಡೆಯುವ ವಸ್ತು ಇಲ್ಲ, ಒಳಗೆ ಸ್ಟಫೈಲೋಕಾಕಸ್ ಎಂಬ ಬ್ಯಾಕ್ಟೀರಿಯಾ ಬೆಳೆದಿತ್ತು. ಆಮೇಲೆ ನಿಯಮ ಬಿಗಿಯಾಯಿತು. ಈಗ ತಡೆಯುವ ವಸ್ತು ಇಲ್ಲದ ಬಾಟಲಿ ತೆರೆದರೆ ಆರು ತಾಸಿನೊಳಗೆ ಅಥವಾ ಅವತ್ತಿನ ಶಿಬಿರ ಮುಗಿದ ಕೂಡಲೇ ಎಸೆಯಬೇಕು.

ನಾನು ಕೆಲಸಕ್ಕೆ ಸೇರಿದ ಎರಡನೇ ವಾರ ತುಂಬುವ ಕೋಣೆಯಲ್ಲಿ ಒಂದು ಚಿಮಟ ಕೆಳಗೆ ಬಿತ್ತು. ಅಭ್ಯಾಸಬಲ, ಬಗ್ಗಿದೆ. ಪಕ್ಕದವರು ಕೂಗಲಿಲ್ಲ, ನನ್ನ ತೋಳು ಹಿಡಿದು ನಿಲ್ಲಿಸಿದರು. ಬಿದ್ದದ್ದು ಬ್ಯಾಚ್ ಮುಗಿಯುವ ತನಕ ಬಿದ್ದಲ್ಲೇ ಇರಬೇಕು. ಬಗ್ಗಿದರೆ ನೆಲದ ಗಾಳಿ ಮೇಲೆ ಬರುತ್ತದೆ. ಯಾಕೆ, ಏನು ಅಂತ ಆಮೇಲೆ ಹೇಳಿದರು. ಮುಲ್ಕೋವಾಲ್ ಹೆಸರನ್ನು ಅವತ್ತು ಯಾರೂ ಎತ್ತಲಿಲ್ಲ. ಅವರಿಗೂ ಗೊತ್ತಿರಲಿಕ್ಕಿಲ್ಲ.

ಲಸಿಕೆ ಮಾಡುವವನ ಕೆಲಸ ಎಲ್ಲಿ ಮುಗಿಯುತ್ತದೆ? ಕಾರ್ಖಾನೆ ಬಾಗಿಲಲ್ಲಿ ಮುಗಿಯುತ್ತದೆ ಅಂತ ಅವನ ಕಾಲದಲ್ಲಿ ಅಂದುಕೊಂಡಿದ್ದರು. ಹಾಗೆ ನೋಡಿದರೆ ಹಾಫ್‌ಕಿನ್ ತಪ್ಪಿಲ್ಲ. ತೋಳಿನ ತನಕ ಅಂತ ಇಟ್ಟುಕೊಂಡರೆ ಅವನೂ ಪೂರ್ತಿ ಬಚಾವಾಗುವುದಿಲ್ಲ, ಆ ಸಹಾಯಕನೂ ಪೂರ್ತಿ ತಪ್ಪಿತಸ್ಥ ಆಗುವುದಿಲ್ಲ. 'ಬಿದ್ದರೆ ಬೆಂಕಿಗೆ ಹಿಡಿ, ಇಲ್ಲ ಬೇರೆ ತಗೋ' ಅಂತ ಅವನ ಮನಸ್ಸಿಗೆ ನಾಟುವ ಹಾಗೆ ಯಾರು ಕಲಿಸಬೇಕಿತ್ತು?

ಎದುರುಮಾತು · ಭಾನುವಾರ, ಮಧ್ಯಾಹ್ನ 12:25

ಜಗಳಕ್ಕೆ ಜಾಗ ಬಿಡಲಿಲ್ಲ ನೀವು. ಬೇಜಾರಾಯಿತು.

ಅಗರ್ ತಟ್ಟೆ · ಭಾನುವಾರ, ಮಧ್ಯಾಹ್ನ 2:00

ಇನ್ನೊಂದು ಕೋನ. ಹಳೇಬೇರು ಅವರು ಮೊದಲೇ ಸುಳಿವು ಕೊಟ್ಟಿದ್ದರು: ವೈದ್ಯ ಅಲ್ಲ. ಬ್ರಿಟಿಷ್ ಸೇನೆಯಿಂದ ಬಂದ ವೈದ್ಯಾಧಿಕಾರಿಗಳ ನಡುವೆ ಇವನು ಪ್ರಾಣಿಶಾಸ್ತ್ರಜ್ಞ, ರಷ್ಯಾದವನು, ಯಹೂದಿ, ಬಂದದ್ದು ಫ್ರಾನ್ಸಿನಿಂದ. ಆಗ ಇಲ್ಲಿ ರಷ್ಯಾದವನು ಅಂದರೆ ಗೂಢಚಾರ ಅನ್ನುವ ಕಾಲ. ಅದಕ್ಕೇ ಈ ಪ್ರಕರಣಕ್ಕೆ 'ಪುಟ್ಟ ಡ್ರೇಫಸ್ ಪ್ರಕರಣ' ಅಂತ ಹೆಸರು ಬಿತ್ತು. ಫ್ರಾನ್ಸಿನಲ್ಲಿ ಯಹೂದಿ ಸೇನಾಧಿಕಾರಿಯ ಮೇಲೆ ಸುಳ್ಳು ಆರೋಪ ಹೊರಿಸಿದ ಗಲಾಟೆ ಜನರ ನೆನಪಿನಲ್ಲಿ ಹಸಿಯಾಗಿತ್ತು.

ಹಾಗಂತ ಅವನ ವಿಜ್ಞಾನದ ಮೇಲಿನ ಟೀಕೆ ಎಲ್ಲವೂ ದ್ವೇಷ ಅಲ್ಲ. ಮುಲ್ಕೋವಾಲ್‌ಗಿಂತ ಮೊದಲೇ, 1898-99ರಲ್ಲಿ ಭಾರತಕ್ಕೆ ಬಂದ ಪ್ಲೇಗ್ ಆಯೋಗ ಅವನ ಲಸಿಕೆ ರೋಗವನ್ನೂ ಸಾವನ್ನೂ ಕಡಿಮೆ ಮಾಡುತ್ತದೆ ಅಂತ ಒಪ್ಪಿತ್ತು. ಜೊತೆಗೆ, ಒಂದು ಡೋಸಿಗೂ ಇನ್ನೊಂದಕ್ಕೂ ತಾಕತ್ತು ಒಂದೇ ಇಲ್ಲ, ಅಂಕಿಅಂಶದ ಲೆಕ್ಕ ಸಡಿಲ ಅಂತಲೂ ಹೇಳಿತ್ತು. ಆ ಟೀಕೆಯಲ್ಲಿ ಹುರುಳಿತ್ತು. ಅವನು ಕೊಟ್ಟ ರಕ್ಷಣೆ ತಿಂಗಳುಗಳ ಲೆಕ್ಕದ್ದು. ಗಡ್ಡೆ ಪ್ಲೇಗಿಗೆ ಪರವಾಗಿಲ್ಲ, ಶ್ವಾಸಕೋಶದ ಪ್ಲೇಗಿಗೆ ಅಷ್ಟಕ್ಕಷ್ಟೆ.

ಟೈಫಾಯ್ಡ್ ಕಡೆಗೂ ಅವನ ನೆರಳಿದೆ. ಇಂಗ್ಲೆಂಡಿನ ಆಲ್ಮ್‌ರಾತ್ ರೈಟ್ 1896ರಲ್ಲಿ ಸತ್ತ ಟೈಫಾಯ್ಡ್ ಬ್ಯಾಕ್ಟೀರಿಯಾದ ಲಸಿಕೆ ಪ್ರಕಟಿಸುವ ಮೊದಲು ಹಾಫ್‌ಕಿನ್ ಕೆಲಸವನ್ನು ಹತ್ತಿರದಿಂದ ನೋಡಿದ್ದ.

ಕಡ್ಲೆಪುರಿ · ಭಾನುವಾರ, ಮಧ್ಯಾಹ್ನ 2:20

ಹಾಗಾದರೆ ನಮಗೆ ಈಗ ಯಾರೂ ಪ್ಲೇಗ್ ಸೂಜಿ ಹಾಕುವುದಿಲ್ಲ ಯಾಕೆ?

ಅಗರ್ ತಟ್ಟೆ · ಭಾನುವಾರ, ಮಧ್ಯಾಹ್ನ 2:34

ಸ್ಟ್ರೆಪ್ಟೊಮೈಸಿನ್ ಬಂತು, ಡಿಡಿಟಿ ಬಂತು, ಇಲಿ-ಚಿಗಟದ ನಂಟು ಗೊತ್ತಾಯಿತು. ಬೇಗ ಗುರುತಿಸಿದರೆ ಆಂಟಿಬಯಾಟಿಕ್ ಸಾಕು.

ಗಂಗೆ ದಡ · ಭಾನುವಾರ, ಸಂಜೆ 5:10

ಕಾಲರಾ ಲಸಿಕೆ ಮಾತ್ರ ಬಂದ ದಾರಿಗೇ ತಿರುಗಿ ಬಂತು. ಹಾಫ್‌ಕಿನ್ ಚುಚ್ಚಿದ್ದನ್ನು ಈಗ ಬಾಯಿಗೆ ಹನಿಸುತ್ತಾರೆ. ಅಗರ್ ತಟ್ಟೆ ಅವರು ಹೇಳಿದ ಹಾಗೆ ಕಾಲರಾ ಕರುಳಿನ ಕಾಯಿಲೆ. ಕಾವಲುಗಾರನನ್ನು ತೋಳಿನಲ್ಲಿ ನಿಲ್ಲಿಸುವ ಬದಲು ಕರುಳಿನಲ್ಲೇ ನಿಲ್ಲಿಸಬೇಕು. ಕೊಂದ ಇಡೀ ಬ್ಯಾಕ್ಟೀರಿಯಾವನ್ನು ಕುಡಿಸುವುದು, ಎರಡು ಸಲ. ಅದರ ದೊಡ್ಡ ಪರೀಕ್ಷೆ 2006ರಲ್ಲಿ ಶುರುವಾಯಿತು. ಎಲ್ಲಿ ಹೇಳಿ? ಕೋಲ್ಕತ್ತಾದ ಬಸ್ತಿಗಳಲ್ಲಿ. ಅರವತ್ತು ಸಾವಿರಕ್ಕೂ ಜಾಸ್ತಿ ಜನ. ಐದು ವರ್ಷದ ಲೆಕ್ಕ ಹಿಡಿದರೆ ರಕ್ಷಣೆ 65 ಪರ್ಸೆಂಟ್. ಕಟ್ಟಲ್ ಬಾಗಾನ್ ಆಗಿ ನೂರಹನ್ನೆರಡು ವರ್ಷಕ್ಕೆ ಅದೇ ಊರು, ಅದೇ ಥರದ ಬಸ್ತಿ.

ಹಳೇಬೇರು · ಭಾನುವಾರ, ರಾತ್ರಿ 8:45

ನಾಳೆ ಕ್ಲಾಸಿದೆ. ಹುಡುಗನಿಗೆ ಹೇಳಲು ಇಷ್ಟು ಸಾಕು, ಬೇಕಾದ್ದಕ್ಕಿಂತ ಜಾಸ್ತಿಯೇ ಆಯಿತು.

ಉಳಿದದ್ದನ್ನು ನಾನೇ ಬರೆದುಬಿಡುತ್ತೇನೆ. ವಾಪಸ್ ಬಂದವನಿಗೆ ಬೊಂಬಾಯಿಯ ಹಳೇ ಜಾಗ ಸಿಗಲಿಲ್ಲ. ಕಲ್ಕತ್ತಾದ ಪ್ರಯೋಗಾಲಯಕ್ಕೆ ಹಾಕಿದರು. ಲಸಿಕೆ ತಯಾರಿಸುವ ಕೆಲಸ ಇಲ್ಲ. 1914ರಲ್ಲಿ ನಿವೃತ್ತಿ. ಅತ್ತ ಪರೇಲ್‌ನಿಂದ ಅವನ ಪ್ಲೇಗ್ ಲಸಿಕೆ ಹೋಗುತ್ತಲೇ ಇತ್ತು: 1897ರಿಂದ 1925ರ ತನಕ 2 ಕೋಟಿ 60 ಲಕ್ಷ ಡೋಸ್. 1925ರಲ್ಲಿ ಸಂಸ್ಥೆಗೆ ಅವನ ಹೆಸರಿಟ್ಟರು. ಅವನು 1930ರಲ್ಲಿ ಲೊಸಾನ್‌ನಲ್ಲಿ ತೀರಿಕೊಂಡ. ಮದುವೆ ಆಗಿರಲಿಲ್ಲ. ಆಸ್ತಿಯನ್ನು ಯಹೂದಿ ಧಾರ್ಮಿಕ ಶಾಲೆಗಳಿಗೆ ಬಿಟ್ಟ.

ಹುಬ್ಬಳ್ಳಿಯಾಂವ ಅವರೇ, ಅಮ್ಮನಿಗೆ ಹೇಳಿದಿರಾ?

ಹುಬ್ಬಳ್ಳಿಯಾಂವ · ಭಾನುವಾರ, ರಾತ್ರಿ 9:20

ಹೇಳಿದೆ. ಮೊದಲು ನಂಬಲಿಲ್ಲ. ಬ್ಯಾಚ್ ಪುಸ್ತಕ ಅವರು ಬರೆದದ್ದನ್ನು ಪೂರ್ತಿ ಓದಿಸಿದಳು. ಬಿಳಲಿನ ಮಾತು ಬಂದಾಗ ಇನ್ನೊಮ್ಮೆ ಓದು ಅಂದಳು. ಸ್ವಲ್ಪ ಹೊತ್ತು ಸುಮ್ಮನೆ ಕೂತಳು.

ಆಮೇಲೆ ಕೇಳಿದಳು: 'ಆಕಳ ತುಪ್ಪವೋ, ಎಮ್ಮೆ ತುಪ್ಪವೋ?'